ಅಗಳಿ ಕೂತ ಎತ್ತರ

ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಕನ್ನಡದಲ್ಲಿ ಖಾಲಿ ಅಂದರೆ ಬರಿದು. ಸೊಲ್ಲಾಪುರದಲ್ಲಿ ಮಾತು ಕಲಿತ ಕೂಸಿಗೂ ಇದು ಗೊತ್ತು. ಬಜಾರದಲ್ಲಿ ಒಬ್ಬ ‘ಖಾಲೀ ಬಸಾ’ ಅಂದರೆ ನೆಲದ ಮೇಲೆ ಕೂರುತ್ತೇವೆ, ಇನ್ನೊಬ್ಬ ‘ಚೀಲ ಖಾಲಿ ಮಾಡ್ರಿ’ ಅಂದರೆ ಚೀಲ ಸುರುವುತ್ತೇವೆ. ಒಮ್ಮೆಯೂ ತಪ್ಪಿದ್ದಿಲ್ಲ. ಆದರೆ ಬಾಡಿಗೆ ಮನೆಯೊಳಗೆ ನಿಂತು ಆ ಮಾತು ಆಡಿ ನೋಡಿ! ಅಲ್ಲಿ ಅದಕ್ಕೆ ಒಂದೇ ಅರ್ಥ. ಬಾಡಿಗೆಯವರು ಮರಾಠಿಯವರಿರಲಿ, ಕನ್ನಡದವರಿರಲಿ, ಎದೆ ಧಸಕ್ಕೆನ್ನುತ್ತದೆ. ಆ ಮಾತನ್ನು ಮರೆತು ಆಡಿದ್ದಕ್ಕೆ ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ನಮ್ಮ ವಾಡೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ನಾನು ನೀಲಗಂಗಾ. ಬಾಳೀವೇಸಿನಲ್ಲಿ ನಮ್ಮದೊಂದು ಹಳೆಯ ವಾಡೆ. ಕೆಳಗೆ ಕಲ್ಲಿನ ಗೋಡೆ, ಸಾಗವಾನಿ ಕಂಬಗಳ ಪಡಸಾಲೆ, ಮೇಲೆ ಮರದ ತೊಲೆಗಳ ಮೇಲೆ ನಿಂತ ಮಾಳಿಗೆಯ ಖೋಲಿಗಳು. ಪಡಸಾಲೆ ಮತ್ತು ಅಡುಗೆಮನೆ ನಮಗಿಟ್ಟುಕೊಂಡು ಉಳಿದದ್ದನ್ನು ಬಾಡಿಗೆಗೆ ಕೊಟ್ಟಿದ್ದೆವು. ನಮ್ಮ ಮನೆಯವರು ಚನ್ನವೀರಪ್ಪನವರು ಕಾಳುಕಡಿ ವ್ಯಾಪಾರಿ, ದಿನವೆಲ್ಲ ಅಂಗಡಿಯಲ್ಲೇ. ನಳ ಕೆಟ್ಟರೆ, ಮಾಳಿಗೆ ಸೋರಿದರೆ, ಮೋರಿ ಕಟ್ಟಿದರೆ ಬಾಡಿಗೆಯವರು ಕೂಗುತ್ತಿದ್ದದ್ದು ನನ್ನನ್ನೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ, ಸುಳ್ಳು ಯಾಕೆ ಹೇಳಲಿ? ಬೈದುಕೊಂಡೇ ಎಲ್ಲ ಮಾಡಿಸುತ್ತಿದ್ದೆ.

ಪಡಸಾಲೆಯ ಮೇಲಿನ ಖೋಲಿಯಲ್ಲಿ ಸಾವಿತ್ರಿಬಾಯಿ ಇದ್ದಳು. ಗಂಡ ತೀರಿಹೋಗಿದ್ದ. ಶೇಂಗಾ ಚಟ್ನಿ ಕುಟ್ಟಿ ಮಾರಿ ಬದುಕುವ ಹೆಂಗಸು. ಬೆಳಗಾದರೆ ಧಬ್ ಧಬ್ ಎಂದು ಅವಳ ಒರಳು ಶುರುವಾಗುತ್ತಿತ್ತು; ಜಂತಿಯ ಸಂದಿಯಿಂದ ಮಣ್ಣು ಉದುರಿ ನನ್ನ ತಲೆಯ ಮೇಲೆ ಬೀಳುತ್ತಿತ್ತು. “ಮನಿ ಕುಟ್ಟಾಕತ್ತೀರೋ, ಶೇಂಗಾ ಕುಟ್ಟಾಕತ್ತೀರೋ?” ಎಂದು ನಾನು ಕೆಳಗಿನಿಂದ ಕೂಗಬೇಕು. “ಮನಿ ಗಟ್ಟಿ ಇದ್ರ ಮಣ್ಣ ಯಾಕ ಬೀಳತದ್ರಿ, ಮಾಲಕೀಣಬಾಯಿ?” ಎಂದು ಅವಳು ಮೇಲಿನಿಂದ ಕೂಗಬೇಕು. ಹೀಗೆ ನಮ್ಮ ಬೆಳಗಾಗುತ್ತಿತ್ತು.

ಅವಳ ಖೋಲಿಯ ಬಾಗಿಲು ಮುಚ್ಚುತ್ತಿರಲಿಲ್ಲ. ತೊಲೆ ವರ್ಷ ವರ್ಷ ಇಷ್ಟಿಷ್ಟೇ ಕುಸಿದು ಚೌಕಟ್ಟು ವಾರೆಯಾಗಿ, ಎರಡು ಕದಗಳು ಒಂದರ ಮೇಲೊಂದು ಏರಿ ನಿಂತಿದ್ದವು. ಒಳಗಿನ ಅಗಳಿ ತನ್ನ ತೂತಿಗೆ ಮುಟ್ಟುತ್ತಿರಲಿಲ್ಲ, ಹೊರಗಿನ ಸರಪಳಿ ಕೊಂಡಿಗೆ ಎಟುಕುತ್ತಿರಲಿಲ್ಲ. ಹೀಗಾಗಿ ಅವಳು ಖೋಲಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಬಜಾರಕ್ಕೆ ಹೋಗುವುದಿದ್ದರೆ ಕೆಳಗಿನ ಯಾರಾದರೂ ಹೆಂಗಸನ್ನು ಹೊಸ್ತಿಲಲ್ಲಿ ಕೂರಿಸಿಯೇ ಹೋಗುವಳು. ಕಳ್ಳರ ಅಂಜಿಕೆ ಅಲ್ಲ ಅದು, ಮಾಲಕರಾದ ನಮ್ಮದೇ ಅಂಜಿಕೆ. ಕಡಿಮೆ ಬಾಡಿಗೆಯ ಹಳಬರನ್ನು ಹೇಗಾದರೂ ಹೊರಹಾಕಬೇಕು ಅನ್ನುವುದು ನಮ್ಮವರ ಆಸೆ. ಹಿಂದೆ ಮೂಲೆಯ ಖೋಲಿಯ ರಾಚಪ್ಪ ಎನ್ನುವವನು ಬರೀ ಸರಪಳಿ ಏರಿಸಿ ಕಂದಲಗಾಂವಕ್ಕೆ ಮದುವೆಗೆ ಹೋಗಿದ್ದ. ಬರುವಷ್ಟರಲ್ಲಿ ಆ ಬಾಗಿಲಿಗೆ ನಮ್ಮ ಬೀಗ ಬಿದ್ದಿತ್ತು. “ಇನ್ನೊಬ್ಬರ ಕೀಲಿ ಮುರದ್ರ ಕೋರ್ಟು ಕಚೇರಿ. ಕೀಲಿ ಇಲ್ಲದ ಬಾಗಲಕ್ಕ ನಮ್ಮ ಕೀಲಿ ಹಾಕಿದ್ರ ಯಾರ ಕೇಳ್ತಾರ?” ಎಂದಿದ್ದರು ನಮ್ಮವರು. ಆ ದಿನ ನಾನು ಅವರೊಂದಿಗೆ ಜಗಳಾಡಿದೆ. ಏನು ಆಡಿದರೇನು, ರಾಚಪ್ಪ ಹೋಗಿಯೇ ಹೋದ. ಸಾವಿತ್ರಿಬಾಯಿಯ ಎಟುಕದ ಸರಪಳಿಗೆ ಹೊಸ ಕೊಂಡಿ ಬಡಿಯಲು ನಮ್ಮವರು ಅವಳಿಗೆ ಬಿಡುತ್ತಿರಲಿಲ್ಲ; ಅವಳು ಆಚೆ ಹೋದರೆ ತಾವೇ ಬಡಿದು ಕೀಲಿ ಹಾಕುವವರು.

ಈಗ ಸಾವಿತ್ರಿಬಾಯಿಯ ಒಬ್ಬಳೇ ಮಗಳು ಚಂದ್ರಭಾಗಾ ಅಕ್ಕಲಕೋಟೆಯಲ್ಲಿ ತುಂಬಿದ ಬಸುರಿ. ಚೊಚ್ಚಲು. ತವರಿಗೆ ಬರಬೇಕಾದದ್ದು ರೀತಿ, ಆದರೆ ಬೀಗರು ಬಂದು ನಮ್ಮ ತೊಲೆ ನೋಡಿ, “ಬೀಳೋ ಮಾಳಗಿಗೆ ಸೊಸೀನ ಕಳಸಂಗಿಲ್ಲ, ನೀವೇ ಬರ್ರಿ” ಎಂದು ಹೇಳಿ ಹೋಗಿದ್ದರು. ಸಾವಿತ್ರಿಬಾಯಿ ಹೋಗುವುದು ಹೇಗೆ? ಹೋದರೆ ಖೋಲಿ ಹೋಯಿತು. ಹೋಗದಿದ್ದರೆ ಮಗಳು ತಾಯಿಯಿಲ್ಲದೆ ಹಡೆಯಬೇಕು. ಮಗಳ ಊರಿನ ಬಸ್ಸು ಹೊರಡುವ ಹೊತ್ತಿಗೆ ಅವಳು ಕಿಟಕಿಯಲ್ಲಿ ನಿಂತಿರುತ್ತಿದ್ದುದನ್ನು ನಾನು ದಿನಾ ನೋಡುತ್ತಿದ್ದೆ. ನೋಡಿ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ತಿಳಿಯುತ್ತಿರಲಿಲ್ಲ.

ಒಂದು ದಿನ ಪಡಸಾಲೆ ಗುಡಿಸುವಾಗ ನಡುಗಂಬದ ಬುಡಕ್ಕೆ ಕಸಬರಿಗೆ ತಾಗಿ ಹಿಟ್ಟಿನಂಥ ಪುಡಿ ಉದುರಿತು. ಬೆರಳಿನಿಂದ ಒತ್ತಿದೆ. ಅಯ್ಯ ಶಿವನೇ, ಬೆರಳು ಒಳಗೇ ಹೋಯಿತು! ಹೊರಗೆ ಎಣ್ಣೆ ಹಚ್ಚಿದಂತೆ ಫಳಫಳ ಹೊಳೆಯುವ ಕಂಬ, ಒಳಗೆಲ್ಲ ಗೆದ್ದಲು ತಿಂದ ಬುರುಬುರು. ಮೇಲಿನ ಖೋಲಿ ನಿಂತದ್ದು ಆ ಕಂಬದ ಮೇಲೆ. ಕೆಳಗೆ ನಾವು ಮಲಗುವುದು ಅದರ ಪಕ್ಕದಲ್ಲಿ.

ಊರಿನ ಬಡಿಗರು ಬಂದು ನೋಡಿ, ಮೇಲಿನದನ್ನು ಇಳಿಸದೆ ಕಂಬ ಬಿಚ್ಚಲು ಬರುವುದಿಲ್ಲ ಎಂದರು. ನಮ್ಮವರ ಮುಖ ಅರಳಿತು. “ಛಲೋನೇ ಆತು. ಮ್ಯಾಲಿನ ಖೋಲಿ ಕೆಡವೂಣು. ಹಾವೂ ಸಾಯತದ, ಕೋಲೂ ಮುರಿಯಂಗಿಲ್ಲ” ಎಂದರು. ನನಗೆ ರೇಗಿತು. ಕಟ್ಟಿದವರು ಅವರ ಮುತ್ತಜ್ಜ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುವ ಹಾಗೆ ಅದನ್ನು ಕೆಡವಲು ಇವರು ಟೊಂಕ ಕಟ್ಟಿ ನಿಂತಿದ್ದರು. “ಅಕ್ಕಲಕೋಟ್ಯಾಗ ಮನಿ ಎತ್ತಾವ ಒಬ್ಬ ಇದ್ದಾನಂತ. ಅವನ್ನ ಕರಸ್ರಿ. ಅವನೂ ಆಗಂಗಿಲ್ಲ ಅಂದ್ರ ಆಗ ನೋಡೂಣು” ಎಂದು ಹಟ ಹಿಡಿದೆ.

ಹೀಗೆ ಸಾತಲಿಂಗಪ್ಪ ಬಂದ. ಬಂದ ಅಂದರೆ ಏನು ಬರುವುದು! ಲಾರಿಯ ಮುಂದಿನ ಸೀಟಿನಲ್ಲಿ ಹಳದಿ ರುಮಾಲು ಸುತ್ತಿ ಮದುಮಗನಂತೆ ಕೂತಿದ್ದ. ಹಿಂದೆ ರೈಲ್ವೆಯ ಹಳೆಯ ಮರದ ದಿಮ್ಮಿಗಳು, ದಪ್ಪ ದಪ್ಪ ತೊಲೆತುಂಡುಗಳು, ತಿರುಪಿನಿಂದ ಎತ್ತುವ ಎರಡು ದೊಡ್ಡ ಕಬ್ಬಿಣದ ಜಾಕ್‌ಗಳು. ಅವುಗಳ ಮೇಲೆ ಅವನ ಆಳುಗಳು, ಚಪಳಗಾಂವದ ಕುರುಬರ ಕಾಮಣ್ಣ ಮತ್ತು ಅವನ ತಮ್ಮ. ಇಳಿದವನೇ ನನ್ನ ಕಡೆ ನೋಡಲೂ ಇಲ್ಲ. ಕಂಬಕ್ಕೆ ಕಿವಿ ಹಚ್ಚಿ ಬೆರಳಿನ ಗೆಣ್ಣಿನಿಂದ ಟಕ ಟಕ ಬಡಿಯುತ್ತ ಬುಡದಿಂದ ಮೇಲಿನವರೆಗೆ ಹೋದ.

“ಚಾ ಮಾಡಲೇನು?” ಎಂದು ಕೇಳಿದೆ.

“ಮಾತಾಡಬ್ಯಾಡ್ರಿ ಅಕ್ಕಾರ. ಮನಿ ಮಾತಾಡಾಕತ್ತದ” ಎಂದ.

ಎಲಾ ಇವನ! ನನ್ನ ಪಡಸಾಲೆಯಲ್ಲಿ ನನಗೇ ಬಾಯಿ ಮುಚ್ಚು ಅಂದವನು ಅವನೊಬ್ಬನೇ. ಆಮೇಲೆ ಅವನ ಬಾಯಿ ಬಿಟ್ಟಿತು ನೋಡಿ, ಸಂಜೆಯವರೆಗೆ ಮುಚ್ಚಲಿಲ್ಲ. ಯಾವ ಊರಿನಲ್ಲಿ ಯಾರ ವಾಡೆ ಎತ್ತಿದ, ಯಾವ ದೇಸಾಯಿ ಶಾಲು ಹೊದಿಸಿದ, ಯಾವ ಎಂಜಿನಿಯರು ಕೈ ಕುಲುಕಿದ. “ಮನಿ ಕಟ್ಟಿ ನೋಡು, ಲಗ್ನಾ ಮಾಡಿ ನೋಡು ಅಂತಾರ್ರಿ. ಮನಿ ಎತ್ತಿ ನೋಡು ಅಂತ ಯಾರರೆ ಅಂದಾರೇನು? ಯಾಕಂದ್ರ ಅದು ಈ ಸಾತಲಿಂಗಪ್ಪಗ ಒಬ್ಬಗ ಬರತದ!” ಎಂದು ಮೀಸೆಯ ಮೇಲೆ ಕೈ ಹಾಕಿದ. ಮನೆ ಎತ್ತುವ ಬೆಳಿಗ್ಗೆ ತನಗೆ ಶಿರಾ ಬೇಕು, ಅದರಲ್ಲಿ ತುಪ್ಪ ಕೈಯಿಂದ ಸೋರಬೇಕು ಎಂದೂ ಹೇಳಿದ. “ಮೊದಲ ಎತ್ತು, ಆಮ್ಯಾಲ ಸೋರಿಸಿಕೊಳ್ಳೀಯಂತ” ಎಂದೆ. ಅವನು ನಕ್ಕ. ನನಗೆ ಅವನ ಜಂಬ ನೋಡಿ ಮೈ ಉರಿಯಿತು. ಆದರೆ ಕಂಬದ ಮೇಲಿನ ಅವನ ಬೆರಳು ನೋಡಿದಾಗೆಲ್ಲ ಸಿಟ್ಟು ಇಳಿಯುತ್ತಿತ್ತು. ಡಾಕ್ಟರು ಕೂಸಿನ ಹೊಟ್ಟೆ ಮುಟ್ಟಿದ ಹಾಗೆ ಮುಟ್ಟುತ್ತಿದ್ದ.

ಅವನ ಮನೆಮಾತು ಕನ್ನಡ, ಕಸುಬು ಕಲಿತದ್ದು ಪಂಢರಪುರದ ಒಬ್ಬ ಮರಾಠಿ ಉಸ್ತಾದನ ಕೈಕೆಳಗೆ. ಹಾಗಾಗಿ ಕೆಲಸದ ಮಾತುಗಳೆಲ್ಲ ಅವನ ಬಾಯಲ್ಲಿ ಮರಾಠಿ. ಎತ್ತು ಅನ್ನಲು ಉಚಲ, ನಿಲ್ಲು ಅನ್ನಲು ಥಾಂಬ, ಇಳಿಸು ಅನ್ನಲು ಖಾಲಿ. ಮುರುಕು ಕಂಬದ ಎರಡೂ ಪಕ್ಕ ದಿಮ್ಮಿ ಹಾಸಿ, ಅದರ ಮೇಲೆ ಜಾಕ್ ಇಟ್ಟು, ಜಾಕಿನ ಮೇಲೆ ಗಟ್ಟಿ ಆಸರೆ ನಿಲ್ಲಿಸಿ, ಆಸರೆಯ ತಲೆ ತೊಲೆಗೆ ಕೊಡುವುದು. ಎರಡೂ ಕಡೆ ಒಟ್ಟಿಗೆ ತಿರುಪು ತಿರುಗಿಸುತ್ತ ಹೋದರೆ ತೊಲೆಯೂ ಅದರ ಮೇಲಿನ ಮನೆಯೂ ಏಳುತ್ತವೆ. ಕಂಬ ಸಡಿಲಾಗುತ್ತದೆ. ಅದನ್ನು ತೆಗೆದು ಹೊಸ ಕಂಬ ನಿಲ್ಲಿಸಿ, ಮತ್ತೆ ಮೆಲ್ಲಗೆ ಮನೆಯನ್ನು ಅದರ ಮೇಲೆ ಕೂರಿಸುವುದು. ಹೇಳಲು ಇಷ್ಟೇ.

ಎತ್ತುವ ದಿನ ಬಾಡಿಗೆಯವರೆಲ್ಲ ಅಂಗಳಕ್ಕೆ ಬಂದರು. ಸಾವಿತ್ರಿಬಾಯಿ ಬರಲಿಲ್ಲ. “ಜೀವಾ ಹೋಗೂದಿದ್ರ ಖೋಲ್ಯಾಗೇ ಹೋಗಲಿ. ನಾ ಇಳ್ಯಂಗಿಲ್ಲ” ಎಂದು ಮೇಲಿನಿಂದಲೇ ಹೇಳಿದಳು. ಅಂಗಳದಲ್ಲಿ ನಿಂತಿದ್ದ ನಮ್ಮವರು ನನ್ನ ಮುಖ ನೋಡಲಿಲ್ಲ.

ಸಾತಲಿಂಗಪ್ಪ ಮೆಟ್ಟಿಲು ಹತ್ತಿ ಖೋಲಿಯನ್ನೊಮ್ಮೆ ಕಣ್ಣಿನಲ್ಲೇ ಅಳೆದ. ಅಲ್ಲಿಂದಲೇ ಅವಳಿಗೆ, “ಇರ್ರಿ ಬಾಯಾರ, ಇರ್ರಿ. ಹಿಂದಿನ ಕಲ್ಲಿನ ಗ್ವಾಡಿಗೆ ಬೆನ್ನ ಹಚ್ಚಿ ಕೂಡ್ರಿ. ಅದು ನೆಲದಿಂದ ಎದ್ದ ಗ್ವಾಡಿ, ಅಲ್ಲಾಡಂಗಿಲ್ಲ. ಬಾಗಲದ ಕಡೆ ಮಾತ್ರ ಬರಬ್ಯಾಡ್ರಿ. ಬಾಗಲಾ ಈ ತೊಲಿ ಮ್ಯಾಲ ಕುಂತದ” ಎಂದ. ಅವಳು ಹೂಂ ಎಂದಳು.

ಕಾಮಣ್ಣ ಜಾಕಿಗೆ ಭಂಡಾರದ ಅರಿಶಿನ ಹಚ್ಚಿ, “ಬೀರೋಬಾ, ನಿನ್ನ ಹೆಸರ ಮ್ಯಾಲ” ಎಂದು ತನ್ನ ಕುಲದೇವರಿಗೆ ಕೈ ಮುಗಿದ. ಇಬ್ಬರೂ ಜಾಕ್ ತಿರುಗಿಸುವ ಸರಳು ಹಿಡಿದರು. ಸಾತಲಿಂಗಪ್ಪ ನಡುವೆ ನಿಂತು ಕಣ್ಣು ಮುಚ್ಚಿದ. ಅಷ್ಟು ಹೊತ್ತು ಬಡಬಡಿಸುತ್ತಿದ್ದ ಬಾಯಿ ಅದೇನಾ ಅನ್ನುವಂತೆ, ಉಸಿರಿನಲ್ಲಿ ಅಂದ: “ಉಚಲ.”

ಏನೂ ಆಗಲಿಲ್ಲ. ಮತ್ತೆ ಉಚಲ ಅಂದ. ಸರಳುಗಳು ಗೇಣಿನಷ್ಟು ಸರಿದವು. ಆಗ ತೊಲೆಯೊಳಗಿನಿಂದ ಒಂದು ನರಳಿಕೆ ಹೊರಟು ಆ ತುದಿಯಿಂದ ಈ ತುದಿಗೆ ಹೋಯಿತು. ಜಂತಿಯ ಸಂದಿಯ ಗುಬ್ಬಿಗಳು ಭರ್ರೆಂದು ಎದ್ದವು. ಮುತ್ತಜ್ಜನ ಕಾಲದ ಸುಣ್ಣ ಜರಡಿ ಹಿಡಿದ ಹಿಟ್ಟಿನ ಹಾಗೆ ಉದುರಿತು. ಉಚಲ. ಥಾಂಬ. ಉಚಲ. ಥಾಂಬ. ಪ್ರತಿ ಥಾಂಬಿಗೆ ಅವನು ತೊಲೆಯ ಮೈಮೇಲೆ ಅಂಗೈ ಇಟ್ಟು ಕಾಯುತ್ತಿದ್ದ, ಬೆದರಿದ ಎತ್ತಿಗೆ ಸಮಾಧಾನ ಮಾಡಿದಂತೆ. ಸದ್ದು ಇಳಿದ ಮೇಲೆಯೇ ಮುಂದಿನ ಮಾತು.

“ಅಕ್ಕಾರ, ಸೀರೀ ಸೆರಗಿನ ಒಂದ ಎಳಿ ಕೊಡ್ರಿ” ಎಂದ.

ಹಳೆಯ ಇಳಕಲ್ಲ ಸೀರೆಯ ಸೆರಗಿನಿಂದ ಒಂದು ನೂಲೆಳೆ ಕಿತ್ತು ಕೊಡಲು ಹೋದೆ. “ನನಗಲ್ಲ. ನೀವೇ ಹಾಕ್ರಿ, ಕಂಬದ ಬುಡಕ” ಎಂದ. ಮಂಡಿಯೂರಿ ಕೂತು ಎರಡು ಕೈಯಲ್ಲಿ ಎಳೆಯನ್ನು ಬಿಗಿಹಿಡಿದು ಕಂಬಕ್ಕೂ ಅಡಿಗಲ್ಲಿಗೂ ನಡುವೆ ಇಟ್ಟೆ. ಎಳೆ ಒಳಗೆ ಹೋಯಿತು. ಎಳೆದೆ. ಆ ಕಡೆಯಿಂದ ಈ ಕಡೆಗೆ ಎಲ್ಲೂ ತಡೆಯದೆ ಬಂತು!

ಕಂಬ ನೆಲಕ್ಕೆ ತಾಗಿರಲಿಲ್ಲ. ತೊಲೆ, ಜಂತಿ, ಗೋಡೆ, ಖೋಲಿ, ಒರಳು, ಸಾವಿತ್ರಿಬಾಯಿ, ಎಲ್ಲ ಮೇಲಿತ್ತು, ಕೆಳಗೆ ನನ್ನ ಸೆರಗಿನ ಎಳೆ. ನಾನು ತಲೆ ನೆಲಕ್ಕೆ ಹಚ್ಚಿ ನೋಡಿದೆ. ಕಂಬದ ಅಡಿಯಿಂದ ಅಂಗಳದ ಬೆಳಕು ಕಂಡಿತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಕಂಬಕ್ಕೆ ಬೆನ್ನು ಹಚ್ಚಿ ಕೂತಿದ್ದೇನೆ, ಅತ್ತಿದ್ದೇನೆ, ಶಾವಿಗೆ ಹೊಸೆದಿದ್ದೇನೆ. ಮನೆ ಅಂದರೆ ನೆಲದಲ್ಲಿ ಬೇರು ಬಿಟ್ಟದ್ದು ಅಂತಲೇ ತಿಳಿದಿದ್ದೆ. ಇಬ್ಬರು ಗಂಡಸರು ಎರಡು ಸರಳು ಹಿಡಿದು ಅದನ್ನು ಎತ್ತಿ ನಿಲ್ಲಿಸಿದ್ದರು. ಹೆದರಿಕೆ ಆಗಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು, ಯಾರಿಗೆ ಅಂತ ತಿಳಿಯದೆ ಆ ಬೆಳಕಿಗೇ ಮುಗಿದೆ.

ಸಾತಲಿಂಗಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಜಂಬದ ಗಂಟಲು ಮರಳಿ ಬಂತು. “ಕಾಮಣ್ಣಾ, ಇನ್ನೊಂದೀಟ ಉಚಲ! ಕಂಬಾ ಬದಲಿ ಆತಂದ್ರ ಸಂಜೀಕ ಪೂರಾ ಮನಿ ಖಾಲಿ!” ಎಂದು ವಾಡೆಗೆಲ್ಲ ಕೇಳುವಂತೆ ಕೂಗಿದ.

ಮೇಲೆ ಏನೋ ಬಿದ್ದ ಸದ್ದು. ಆಮೇಲೆ ಧಡಧಡ ಓಡುವ ಹೆಜ್ಜೆ, ಕಲ್ಲಿನ ಗೋಡೆಯಿಂದ ಬಾಗಿಲ ಕಡೆಗೆ, ನೇರ ತೊಲೆಯ ಮೇಲಕ್ಕೆ. “ನಾ ಖಾಲಿ ಮಾಡಂಗಿಲ್ಲ! ಇದಕ್ಕೇನು ಈ ಹುನ್ನಾರ? ನನ್ನ ಹೆಣಾ ಹೋಗಬೇಕು ಇಲ್ಲಿಂದ!” ಎಂದು ಕೂಗುತ್ತ ಸಾವಿತ್ರಿಬಾಯಿ ಒಳಗಿನಿಂದ ಅಗಳಿ ಹಾಕಲು ಕದಗಳಿಗೆ ಹೆಗಲು ಕೊಟ್ಟು ನೂಕತೊಡಗಿದಳು. ತೊಲೆ ಕಿರ್ರೆಂದಿತು. ಒಂದು ಆಸರೆ ನಡುಗಿದ್ದು ನನ್ನ ಕಣ್ಣಿಗೇ ಕಂಡಿತು.

“ಥಾಂಬ!” ಎಂದು ಗರ್ಜಿಸಿದ ಸಾತಲಿಂಗಪ್ಪ. ಅವನ ಮುಖ ಸುಣ್ಣದಂತಾಗಿತ್ತು.

ನನಗೆ ಆಗ ಹೊಳೆಯಿತು. “ಅಯ್ಯ ಪುಣ್ಯಾತ್ಮಾ, ಖಾಲಿ ಅಂದ್ಯಲ್ಲೋ!” ಎಂದು ಹಣೆ ಬಡಿದುಕೊಂಡು ಮೆಟ್ಟಿಲ ಬುಡಕ್ಕೆ ಓಡಿ ಕೂಗಿದೆ: “ಸಾವಿತ್ರಿಬಾಯಿ, ಅದು ಮರಾಠಿ ಖಾಲಿರಿ! ಮನಿ ಕೆಳಗ ಇಳಸ್ತೀನಿ ಅಂದಾನ, ನಿಮ್ಮನ್ನಲ್ಲ!”

“ನನಗ ಮರಾಠಿ ಕಲಸಬ್ಯಾಡ್ರಿ, ಮಾಲಕೀಣಬಾಯಿ! ರಾಚಪ್ಪಗೂ ನೀವು ಹಿಂಗೇ ಕಲಸಿ ಕಳಿಸಿದ್ರಿ!”

ಊರಿನಲ್ಲಿ ಬೇರೆ ಯಾರು ಹೇಳಿದ್ದರೂ ನಂಬುತ್ತಿದ್ದಳು, ನನ್ನನ್ನು ಯಾಕೆ ನಂಬಬೇಕು? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಹಿಂತಿರುಗಿ 'ಏನು ಮಾಡೂದು' ಅಂತ ಸಾತಲಿಂಗಪ್ಪನ ಮುಖ ನೋಡಿದೆ. ಅವನು ತೊಲೆಯ ಮೇಲೆ ಅಂಗೈ ಇಟ್ಟು ನಿಂತಿದ್ದ. “ಅರ್ಧಾ ಎತ್ತಿದ ಮನಿ ಹಿಂಗ ಬಿಡಾಕ ಬರಂಗಿಲ್ರಿ. ಆಕಿ ಅಲ್ಲೇ ನಿಂತ್ರೂ ನಡೀತದ, ಓಡ್ಯಾಡಬಾರದು ಅಷ್ಟೇ. ಕಾಮಣ್ಣಾ, ಪಾವು ಸುತ್ತು, ಕಾಲ ಸುತ್ತಷ್ಟೇ. ಎಳೀ ಕೂಸಿನ ತೊಟ್ಟಿಲಾ ಎತ್ತಿಧಂಗ ಎತ್ತು.”

ಪಾವು ಸುತ್ತು. ಅವಳು ಅಳುತ್ತ ನೂಕುತ್ತಿದ್ದದ್ದು ಕೇಳುತ್ತಿತ್ತು. ಮತ್ತೆ ಪಾವು ಸುತ್ತು. ನಮ್ಮವರೂ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಮತ್ತೊಂದು ಪಾವು.

ಖಟ್!

ತೊಲೆ ಮುರಿಯಿತು ಎಂದೇ ನಾನು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಸಾತಲಿಂಗಪ್ಪ ಮೇಲೆ ನೋಡುತ್ತ ನಿಂತಿದ್ದ, ಮುಖದ ತುಂಬ ನಗು. ಆಳುಗಳಿಗೆ ಕೈ ಅಡ್ಡ ಹಿಡಿದು, “ಬಾಯಾರ, ಅಗಳಿ ಕೂತಿತೇನ್ರಿ?” ಎಂದು ಮೆಲ್ಲಗೆ ಕೇಳಿದ.

ಮೇಲೆ ಅಗಳಿ ಜಗ್ಗಿ ನೋಡಿದ ಸದ್ದು. ಆಮೇಲೆ ಅವಳ ದನಿ, ಅಳುವೂ ಇಲ್ಲ, ಸಿಟ್ಟೂ ಇಲ್ಲ: “ಕೂತೈತ್ರಿ... ತಾನಾಗೇ ಕೂತೈತಿ.”

“ಬಸ್. ಮನಿ ಹುಟ್ಟಿದಾಗ ಇದ್ದ ಜಾಗಾಕ ಬಂತು” ಎಂದ ಸಾತಲಿಂಗಪ್ಪ. ಅಷ್ಟು ವರ್ಷ ಒಂದಕ್ಕೊಂದು ಮುಖ ಕೊಡದ ಎರಡು ಕದಗಳು ಸರಿಹೋಗಿ, ಅವಳು ಅಂಜಿ ಒತ್ತುತ್ತಿದ್ದ ಅಗಳಿ ಸರಕ್ಕನೆ ತೂತಿಗೆ ಇಳಿದಿತ್ತು. ಕೊನೆಯ ಆ ಪಾವು ಸುತ್ತಿನಲ್ಲಿ ಮನೆ ಎದ್ದದ್ದು ಕಣ್ಣಿಗೆ ಕಾಣದಷ್ಟು. ಆ ಕಬ್ಬಿಣದ ತುಂಡಿಗೆ ಅದು ಗೊತ್ತಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಸುಣ್ಣ ಬಿತ್ತು ಎಂದು ಒರೆಸಿಕೊಂಡೆ.

ಹಳೆಯ ಕಂಬ ಹೊರಗೆ ಬಂತು, ಒಳಗೆಲ್ಲ ಟೊಳ್ಳು. ಹೊಸ ಸಾಗವಾನಿ ಕಂಬ ಉದ್ದವಾಗಿಯೇ ಇತ್ತು. ತೊಲೆಯಿಂದ ಅಡಿಗಲ್ಲಿನವರೆಗೆ ಅಳೆದು ಅದನ್ನು ಕೊಯ್ಯಬೇಕು. ಸಾತಲಿಂಗಪ್ಪ ಅಳತೆಯ ಕೋಲು ಹಿಡಿದು, “ಸಾವ್ಕಾರ್ರ, ಎಲ್ಲಿಗೆ ಕೊಯ್ಯಲಿ?” ಎಂದು ಕೇಳಿದ.

“ಹಳೀ ಕಂಬದ ಉದ್ದಕ್ಕ ಕೊಯ್ಯಿ. ಇಷ್ಟು ವರ್ಷ ಹಂಗೇ ಇತ್ತು, ಹಂಗೇ ಇರಲಿ” ಎಂದರು ನಮ್ಮವರು.

“ಅದು ಕುಸದ ಕಂಬರಿ. ಅದರ ಅಳತೀಗೆ ಕೊಯ್ದ್ರ ಮನಿ ಬೀಳಂಗಿಲ್ಲ, ಖರೆ. ಆದ್ರ ಮತ್ತ ವಾರಿ ಕೂಡತದ. ಬಾಗಲಾ ಮುಚ್ಚಂಗಿಲ್ಲ.”

“ಬೀಳದಿದ್ರ ಸಾಕಪಾ. ಬಾಗಲದ್ದು ಆಮ್ಯಾಲ ನೋಡೂಣು.”

ಆಮೇಲೆ ನೋಡುವುದು ಏನು ಅಂತ ನನಗೆ ಗೊತ್ತು. ನನ್ನ ನೆತ್ತಿಗೇರಿತು. “ಏನ ನೋಡ್ತೀರಿ? ಆಕಿ ಅಕ್ಕಲಕೋಟಿಗೆ ಹೋಗಿ ಬರೂದ್ರಾಗ ಕೀಲಿ ಹಾಕೂದು ನೋಡ್ತೀರೇನು?” ಎಂದೆ.

“ನೀಲಾ, ಮಂದಿ ಮುಂದ...”

“ಮಂದಿ ಮುಂದೇ ಹೇಳ್ತೀನಿ! ಅಲ್ಲಿ ಮಗಳು ಇವತ್ತ ನಾಳೆ ಹಡೀತಾಳ, ಇಲ್ಲಿ ತಾಯಿ ಬಾಗಲಾ ಕಾಯ್ಕೋತ ಕುಂತಾಳ. ಕೊಯ್ಯೂದಿದ್ರ ಅಗಳಿ ಕೂತ ಎತ್ತರಕ್ಕ ಕೊಯ್ಯಲಿ. ಇಲ್ಲಂದ್ರ ನಾನೂ ಮ್ಯಾಲ ಹೋಗಿ ಆಕಿ ಬಾಜೂಕ ಕೂಡ್ತೀನಿ. ರೊಟ್ಟಿ ನೀವೇ ಬಡ್ಕೊಳ್ಳ್ರಿ!”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ನಮ್ಮವರ ಕಿವಿ ಕೆಂಪಾಯಿತು. ಸಾತಲಿಂಗಪ್ಪ ಜಾಕಿನ ಮೇಲೆ ಕೈಯಿಟ್ಟು, “ಗಂಡಾ ಹೆಂಡ್ತಿ ಜಗಳ ಉಂಡು ಮಲಗೂ ತನಕ ಅಂತಾರ್ರಿ. ಅಷ್ಟು ವ್ಯಾಳೆ ನನ್ನ ಕಡೆ ಇಲ್ಲ. ಮನಿ ಗಾಳ್ಯಾಗ ಅದ, ಲಗು ಮುಗಸ್ರಿ” ಎಂದ.

ನಾನು ಅವನ ಕೈಯಿಂದ ಅಳತೆಯ ಕೋಲು ಕಸಿದುಕೊಂಡು ತೊಲೆಯಿಂದ ಕಲ್ಲಿಗೆ ಹಿಡಿದೆ. ಹೊಸ ಕಂಬದ ಮೇಲಿಟ್ಟು ಸುಣ್ಣದ ಬೆರಳಿನಿಂದ ಗೆರೆ ಎಳೆದೆ. ನಮ್ಮವರು ಆ ಗೆರೆ ನೋಡಿದರು, ತೊಲೆ ನೋಡಿದರು, ಸುತ್ತ ನಿಂತ ಮುಖಗಳನ್ನು ನೋಡಿದರು. “ಕೊಯ್ಯಪಾ, ಕೊಯ್ಯಿ. ಇಕಿ ಬಾಯಿ ಮುಂದ ನಿನ್ನ ಜಾಕು ಏನೂ ಅಲ್ಲ” ಎಂದು ರುಮಾಲು ಜಾಡಿಸಿ ತಲೆಗೆ ಸುತ್ತಿಕೊಂಡರು.

ಸಂಜೆ ಬಿಸಿಲು ಪಡಸಾಲೆಗೆ ಬಂದಾಗ ಹೊಸ ಕಂಬ ತೊಲೆಯ ಕೆಳಗೆ ನಿಂತಿತ್ತು. ನಾನೇ ಮೊದಲು ಕೂಗಿದೆ: “ಸಾವಿತ್ರಿಬಾಯಿ, ಈಗ ಖಾಲಿ ಅಂತಾನ್ರಿ! ಮರಾಠಿ ಖಾಲಿ! ಅಂಜಬ್ಯಾಡ್ರಿ!”

“ಅನ್ನಲಿ, ಅನ್ನಲಿ. ಅಗಳಿ ಹಾಕೇ ಅದ” ಎಂದಿತು ಮೇಲಿನ ದನಿ.

ಖಾಲಿ ಅಂದ ಸಾತಲಿಂಗಪ್ಪ. ಸರಳುಗಳು ಉಲ್ಟಾ ತಿರುಗಿದವು. ದಿನವೆಲ್ಲ ಉಸಿರು ಹಿಡಿದು ನಿಂತಿದ್ದ ಆ ಮನೆ ಒಂದು ನಿಟ್ಟುಸಿರು ಬಿಟ್ಟು ಹೊಸ ಕಂಬದ ಮೇಲೆ ಕೂತಿತು. ಕೂತದ್ದು ನನ್ನ ಅಂಗಾಲಿಗೆ ತಿಳಿಯಿತು. ಆ ಹೊತ್ತಿಗೆ ನಾನು ಆ ಜಂಬಗಾರನ ಕಾಲು ಮುಟ್ಟಿದ್ದರೂ ಮುಟ್ಟುತ್ತಿದ್ದೆ. ಅವನು ಮಾತ್ರ ಬೆವರು ಒರೆಸಿಕೊಳ್ಳುತ್ತ, ಇನ್ನಾದರೂ ಶಿರಾ ಸಿಕ್ಕೀತೇ ಎಂದು ಕೇಳಿದ. ಬಿಸಿಬಿಸಿ ಮಾಡಿ ಹಾಕಿದೆ, ತುಪ್ಪ ಮೊಣಕೈವರೆಗೆ ಸೋರಿತು.

ಮರುದಿನ ಸಾವಿತ್ರಿಬಾಯಿ ಕೆಳಗೆ ಬಂದಳು. ನನ್ನ ಮುಂದೆ ನಿಂತು, ಎಲ್ಲೋ ನೋಡುತ್ತ, “ಮಾಲಕೀಣಬಾಯಿ, ಬಜಾರಕ್ಕ ಹೋಗಿ ಕೀಲಿ ಕೊಂಡು ಬರತೀನಿ. ಅಲ್ಲೀ ತನಕ ಹೊಸ್ತಿಲದಾಗ ಕೂಡ್ತೀರೇನ್ರಿ?” ಎಂದು ಕೇಳಿದಳು. ಕೂತೆ. ನಮ್ಮ ಸ್ವಂತ ವಾಡೆಯಲ್ಲಿ, ನಮ್ಮ ಬಾಡಿಗೆಯವಳ ಹೊಸ್ತಿಲಲ್ಲಿ, ನನ್ನ ಗಂಡನಿಗೇ ಕಾವಲಾಗಿ! ನಗು ಬಂತು. ಅವಳು ಬಂದು ಸರಪಳಿ ಏರಿಸಿ ಕೀಲಿ ಹಾಕಿದಳು. ಎರಡು ಕೀಲಿಕೈ ಇದ್ದವು. ಎರಡನ್ನೂ ಸೆರಗಿಗೆ ಗಂಟು ಹಾಕಿಕೊಂಡಳು; ಒಂದನ್ನು ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಬಾಣಂತಿಗೆಂದು ಅಳವಿ ಕಾಳು, ಕೊಬ್ಬರಿ ಕಟ್ಟಿ ಕೊಟ್ಟೆ. ಗಂಟು ಬಗಲಲ್ಲಿಟ್ಟುಕೊಂಡು ಅಕ್ಕಲಕೋಟೆಯ ಬಸ್ಸಿಗೆ ಹೋದಳು, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರು ಕೈಕಾಲು ತೊಳೆಯುವ ಮೊದಲೇ ಸೀದಾ ಮೆಟ್ಟಿಲು ಹತ್ತಿದರು. ನಾನು ರೊಟ್ಟಿ ಬಡಿಯುವ ಕೈ ನಿಲ್ಲಿಸಿದೆ. ಮೇಲೆ ಕೀಲಿ ಜಗ್ಗಿದ ಸದ್ದು. ಸ್ವಲ್ಪ ತಡೆದು ಮತ್ತೊಂದು ಸಲ, ಜೋರಾಗಿ. ಇಳಿದು ಬಂದು ತಟ್ಟೆಯ ಮುಂದೆ ಕೂತರು.

“ಕೆಲಸ ಗಟ್ಟಿ ಮಾಡ್ಯಾನ ಮಗಾ” ಎಂದರು.

ಬಿಸಿ ರೊಟ್ಟಿ ಬಡಿಸಿದೆ, ನಾನೂ ತಟ್ಟೆ ಇಟ್ಟುಕೊಂಡೆ. ನಮ್ಮ ಮನೆಯಲ್ಲಿ ಆವತ್ತಿನಿಂದ ನಮಗೆ ತೆರೆಯದ ಬಾಗಿಲೊಂದು ಇತ್ತು. ಅದರ ಕೆಳಗೆ ಕೂತು ಹೊಟ್ಟೆ ತುಂಬ ಉಂಡೆ.